ಕರ್ರಿಗೆ ವಯಸ್ಸಾಯಿತು, ವಾರಿಯರ್ಸ್‌ಗೆ ದಾರಿ ಇದೆಯೇ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಇನ್ನೊಮ್ಮೆ ಚಾಂಪಿಯನ್ ಆದೀತೇ ಎಂದು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ನಮ್ಮ ಬೇ ಏರಿಯಾದಲ್ಲಿ ಯಾರನ್ನು ಕೇಳಿದರೂ ಮಾತು ತಂಡದ ತಾರೆ ಸ್ಟೆಫ್ ಕರ್ರಿ ಅವರ ವಯಸ್ಸಿಗೇ ಬಂದು ನಿಲ್ಲುತ್ತದೆ. 1988ರಲ್ಲಿ ಹುಟ್ಟಿದವರು, ಇನ್ನೆಷ್ಟು ದಿನ ಆಡಿಯಾರು ಅನ್ನುತ್ತಾರೆ. ನನಗೆ ಅವರ ವಯಸ್ಸಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಅವರ ಮೇಲೆ ತಂಡ ಇಂದಿಗೂ ಹೊರಿಸುತ್ತಿರುವ ಭಾರ.

ಮುಪ್ಪಾದ ತಂಡ ಮತ್ತೆ ಗೆದ್ದದ್ದಕ್ಕೆ ಅದೇ ಲೀಗ್‌ನ ಸ್ಯಾನ್ ಆಂಟೋನಿಯೊ ಸ್ಪರ್ಸ್ ಉದಾಹರಣೆ ಇದೆ. 2007ರಲ್ಲಿ ಕಪ್ ಗೆದ್ದ ಮೇಲೆ ಅವರ ಕಥೆ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು. 2014ರ ಫೈನಲ್ಸ್ ಸರಣಿಯಲ್ಲಿ ಮಯಾಮಿಯನ್ನು 4–1ರಿಂದ ಸೋಲಿಸಿ ಮತ್ತೆ ಗೆದ್ದರು. ಆಗ ಅವರ ತಾರೆ ಟಿಮ್ ಡಂಕನ್ ಅವರಿಗೆ 38 ವರ್ಷ. ಆ ಸೀಸನ್ನಿನಲ್ಲಿ 62 ಪಂದ್ಯ ಗೆದ್ದ ತಂಡದಲ್ಲಿ ಒಬ್ಬನೇ ಒಬ್ಬ ಆಟಗಾರನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಿರಲಿಲ್ಲ. ಕೋಚ್ ಪೊಪೊವಿಚ್ 2012ರಲ್ಲಿ ಡಂಕನ್, ಪಾರ್ಕರ್, ಜಿನೋಬಿಲಿಯರನ್ನು ಮಯಾಮಿ ಪಂದ್ಯಕ್ಕೆ ಇಳಿಸದೆ ವಿಶ್ರಾಂತಿಗೆಂದು ಮನೆಗೆ ಕಳಿಸಿದರೆಂದು ಲೀಗ್ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತ್ತು. ದಂಡ ಕಟ್ಟಿದರು, ಹಟ ಬಿಡಲಿಲ್ಲ. ಜಿನೋಬಿಲಿಯಂಥ ಆಟಗಾರ ಆರಂಭದ ಐವರಲ್ಲಿ ಇಳಿಯದೆ, ಬೆಂಚಿನಿಂದ ನಡುವೆ ಬರಲು ಒಪ್ಪಿದರು. 2011ರಲ್ಲಿ ತಂದ ಹುಡುಗ ಕವಾಯ್ ಲೆನರ್ಡ್ 2014ರ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ.

ವಾರಿಯರ್ಸ್ ಎಡವಿದ್ದು ಹೊಸ ಹುಡುಗನನ್ನು ಬೆಳೆಸುವ ಈ ಕೊನೆಯ ಹೆಜ್ಜೆಯಲ್ಲಿ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2020ರ ಡ್ರಾಫ್ಟ್‌ನಲ್ಲಿ ಎರಡನೇ ಆಯ್ಕೆಯ ಹಕ್ಕು ಕೈಯಲ್ಲಿತ್ತು. ಆ ಹಕ್ಕಿನಲ್ಲಿ ವೈಸ್‌ಮನ್ ಎಂಬ ಹುಡುಗ ಬಂದ, 2023ರಲ್ಲಿ ಹೊರಟೂ ಹೋದ. 2022ರ ಕಪ್ ಬಂದದ್ದು ಹಳಬರ ಬಲದಿಂದಲೇ. ಆಮೇಲೆ ಆ ಹಳಬರಲ್ಲಿ ಒಬ್ಬರಾದ ಕ್ಲೇ ಥಾಂಪ್ಸನ್ ಡಲ್ಲಾಸ್ ತಂಡಕ್ಕೆ ಹೋದರು. 2025ರಲ್ಲಿ ಜಿಮ್ಮಿ ಬಟ್ಲರ್ ಬಂದಾಗ ತಂಡಕ್ಕೆ ಹೊಸ ಉಸಿರು ಬಂತು, ಹ್ಯೂಸ್ಟನ್ ವಿರುದ್ಧ ಏಳು ಪಂದ್ಯಗಳ ಸರಣಿಯನ್ನೂ ಗೆದ್ದರು. ಮುಂದಿನ ಸುತ್ತಿನ ಮೊದಲ ಪಂದ್ಯದಲ್ಲೇ, ಮಿನ್ನಿಯಾಪೊಲಿಸ್‌ನಲ್ಲಿ, ಕರ್ರಿ ಪೆಟ್ಟಾದ ಎಡತೊಡೆಯ ಹಿಂಭಾಗ ಮುಟ್ಟಿ ನೋಡಿಕೊಂಡರು. ಅಲ್ಲಿಗೆ ಸೀಸನ್ ಮುಗಿಯಿತು. ಆ ವರ್ಷ ಅವರು ಪಂದ್ಯಕ್ಕೆ ಸರಾಸರಿ 32 ನಿಮಿಷ ಆಡಿದ್ದರು. ಕರ್ರಿಯ ಆಟ ನೋಡಿದವರಿಗೆ ಗೊತ್ತು, ಚೆಂಡು ಕೈಯಲ್ಲಿಲ್ಲದಾಗಲೇ ಅವರ ಓಟ ಹೆಚ್ಚು: ಜತೆಗಾರ ಗ್ರೀನ್‌ಗೆ ಪಾಸ್ ಕೊಟ್ಟು, ಎದುರಾಳಿಗೆ ಅಡ್ಡ ನಿಂತ ಜತೆಗಾರರಿಬ್ಬರ ಪರದೆ ಸುತ್ತಿ, ಮೂಲೆಗೆ ಹಾರಿ ನಿಲ್ಲಬೇಕು. ಆ 32 ನಿಮಿಷ ನಿಂತು ಆಡುವವನ 32 ನಿಮಿಷವಲ್ಲ. ಇನ್ನು ಬಟ್ಲರ್, 2026ರ ಜನವರಿಯಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡರು.

ಇದಕ್ಕೆ ದುಡ್ಡಿನ ಕಟ್ಟುಪಾಡೂ ಸೇರಿದೆ. 2025–26ರಲ್ಲಿ ಒಂದು ತಂಡದ ಆಟಗಾರರೆಲ್ಲರ ಸಂಬಳದ ಮಿತಿ ಸುಮಾರು 15.5 ಕೋಟಿ ಡಾಲರ್, ಅದರಲ್ಲಿ ಕರ್ರಿ ಮತ್ತು ಬಟ್ಲರ್ ಇಬ್ಬರದ್ದೇ 11 ಕೋಟಿಗೂ ಮೇಲೆ. ಮಿತಿ ಮೀರಬಹುದು, ಆದರೆ ಮೀರಿದಷ್ಟೂ ತೆರಿಗೆ, ನಿರ್ಬಂಧ.

ಇಷ್ಟೆಲ್ಲ ಕಟ್ಟುಪಾಡಿದ್ದರೂ ಕರ್ರಿಯನ್ನು ಇಲ್ಲಿಯವರು ಬಿಟ್ಟುಕೊಟ್ಟಿಲ್ಲ. ಊರಿನ ಕಡೆ ನೋಡಿದರೆ ಹೊಟ್ಟೆ ಉರಿಯುತ್ತದೆ. ರಣಜಿಯಲ್ಲಿ ಅಂಥ ಸಂಬಳದ ಮಿತಿ ಇಲ್ಲವಲ್ಲ! ಎರಡು ವರ್ಷ ಸತತವಾಗಿ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದುಕೊಟ್ಟ ನಾಯಕ ವಿನಯ್ ಕುಮಾರ್ 2019ರಲ್ಲಿ ಪುದುಚೇರಿಗೆ ಹೋದರು. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ. 2014–15ರ ಫೈನಲ್‌ನಲ್ಲಿ 328 ಹೊಡೆದ ಕರುಣ್ ನಾಯರ್ ವಿದರ್ಭ ಸೇರಿ, 2024–25ರ ಫೈನಲ್‌ನಲ್ಲಿ 86 ಮತ್ತು 135 ಗಳಿಸಿ, ಆ ತಂಡದ ಜತೆ ಕಪ್ ಎತ್ತಿದರು. ಅಷ್ಟೂ ವರ್ಷ ನಮಗೆ ರಣಜಿ ಬರಲಿಲ್ಲ. ಹೊಸ ಹುಡುಗರಿಗೆ ಜಾಗ ಬೇಕು, ಒಪ್ಪುತ್ತೇನೆ. ಆದರೆ ಹಿರಿಯನಿಗೆ ಪೂರ್ತಿ ಜಾಗ ಇಲ್ಲವೇ ಬಾಗಿಲು ಎಂಬ ಎರಡೇ ದಾರಿ ಯಾಕೆ? ಜಿನೋಬಿಲಿಗೆ ಸಿಕ್ಕಂಥ ನಡುವಿನ ಜಾಗವೊಂದು ನಮ್ಮಲ್ಲಿ ಯಾರಿಗೂ ಸಿಗುವುದಿಲ್ಲ.

ವಾರಿಯರ್ಸ್ ಹಾಗೇ ಮುಂದುವರಿದರೆ ಕಪ್ ಬರುವುದಿಲ್ಲ ಎಂಬುದೇ ನನ್ನ ಅನಿಸಿಕೆ. ಮುಂದಿನ ಡ್ರಾಫ್ಟ್ ಹಕ್ಕುಗಳನ್ನು ಬಚ್ಚಿಟ್ಟುಕೊಳ್ಳದೆ ಬೇರೆ ತಂಡಕ್ಕೆ ಕೊಟ್ಟು, ದಾಳಿ, ರಕ್ಷಣೆ ಎರಡೂ ತುದಿಯಲ್ಲಿ ಓಡಬಲ್ಲ ಇಪ್ಪತ್ತೈದರ ಆಸುಪಾಸಿನ ಒಬ್ಬ ಆಟಗಾರನನ್ನು ತರಲಿ, ಆಟದ ಭಾರ ಅವನಿಗೆ ಕೊಡಲಿ. ಕರ್ರಿ 27–28 ನಿಮಿಷ ಆಡಲಿ. ತಾರೆಗಳನ್ನು ಸುಮ್ಮನೆ ಕೂರಿಸಬಾರದೆಂದು ಲೀಗ್ 2023ರಲ್ಲಿ ನಿಯಮ ಮಾಡಿತು ನಿಜ, ಆದರೆ ಸೀಸನ್ ಆರಂಭಕ್ಕೆ 35 ತುಂಬಿದವರನ್ನು ಸತತ ಎರಡು ದಿನದ ಪಂದ್ಯಗಳಲ್ಲಿ ಒಂದರಿಂದ ಮೊದಲೇ ಅನುಮತಿ ಪಡೆದು ಬಿಡಿಸಬಹುದು. ಅಂಥ ಪ್ರತಿ ಜೋಡಿ ಪಂದ್ಯದಲ್ಲೂ ಒಂದನ್ನು ಅವರಿಗೆ ಬಿಡಿಸಿಕೊಡಲಿ, ಆ ರಾತ್ರಿ ಸೋತರೂ ಸರಿ.