ಮಗನ ಬ್ಯಾಡ್ಜಿಗೆ ಅಪ್ಪನ ಸಹಿ ಸಲ್ಲುತ್ತದೆಯೇ?

2025ರಲ್ಲಿ ಸ್ಕೌಟಿಂಗ್ ಅಮೆರಿಕ ಎಂದು ಹೆಸರು ಬದಲಿಸಿಕೊಂಡ ಅಮೆರಿಕದ ಸ್ಕೌಟ್ ಸಂಸ್ಥೆಯಲ್ಲಿ ಅತ್ಯುನ್ನತ ದರ್ಜೆಯಾದ ಈಗಲ್ ಸ್ಕೌಟ್ ಆಗಲು 21 ಮೆರಿಟ್ ಬ್ಯಾಡ್ಜುಗಳು (ಒಂದೊಂದು ವಿಷಯವನ್ನು ಕಲಿತದ್ದಕ್ಕೆ ಸಿಗುವ ಬ್ಯಾಡ್ಜುಗಳು) ಬೇಕು. ಬ್ಯಾಡ್ಜಿಗೆ ಹೇಳಿದ್ದೆಲ್ಲವೂ ಪೂರ್ಣವಾಯಿತೆಂದು ಬ್ಲೂ ಕಾರ್ಡಿನಲ್ಲಿ, ಅಂದರೆ ಬ್ಯಾಡ್ಜಿನ ದಾಖಲೆಯ ಕಾರ್ಡಿನಲ್ಲಿ, ಸಹಿ ಹಾಕುವ ಅಧಿಕಾರವಿರುವುದು, ಆ ವಿಷಯಕ್ಕೆಂದು ಸಂಸ್ಥೆಯ ಸ್ಥಳೀಯ ಘಟಕವಾದ ಕೌನ್ಸಿಲ್ ಒಪ್ಪಿದ, 18 ವರ್ಷ ತುಂಬಿದ ಕೌನ್ಸೆಲರಿಗೆ ಮಾತ್ರ. ಆ ಕೌನ್ಸೆಲರ್ ಹುಡುಗನ ಸ್ವಂತ ತಂದೆಯೋ ತಾಯಿಯೋ ಆಗಿದ್ದರೂ ನಿಯಮ ಅಡ್ಡಿ ಮಾಡುವುದಿಲ್ಲ. ಮಾಡಬೇಕೇ?

ಪರ: ಸಲ್ಲುತ್ತದೆ

ತಂದೆಯೆಂಬ ಕಾರಣಕ್ಕೆ ಯಾರಿಗೂ ಈ ಅಧಿಕಾರ ಬರುವುದಿಲ್ಲ. ಅವರು ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು, ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಿ, ಕೌನ್ಸಿಲಿನ ಒಪ್ಪಿಗೆ ಪಡೆದಿರಬೇಕು. ಪಾಸು ಮಾಡುವ ಮಾನದಂಡವೂ ಅವರ ಕೈಯಲ್ಲಿಲ್ಲ. ಅಚ್ಚಾಗಿರುವ ಅಂಶಗಳಿಗೆ ಒಂದನ್ನು ಸೇರಿಸುವ, ಒಂದನ್ನು ಬಿಡುವ ಹಕ್ಕು ಯಾರಿಗೂ ಇಲ್ಲ. ಫ್ಯಾಮಿಲಿ ಲೈಫ್ ಬ್ಯಾಡ್ಜನ್ನೇ ನೋಡಿ: ಕನಿಷ್ಠ ಐದು ಮನೆಗೆಲಸಗಳನ್ನು ಹುಡುಗ 90 ದಿನ ಮಾಡಿ ಲೆಕ್ಕ ಬರೆದಿಡಬೇಕು. ಪಾತ್ರೆ ತೊಳೆದನೋ ಇಲ್ಲವೋ ಎಂಬುದನ್ನು ಕಂಡವರು ಮನೆಯವರೇ. ಹೊರಗಿನ ಕೌನ್ಸೆಲರ್ ಕೂಡ ಕೊನೆಗೆ ಅವರ ಮಾತನ್ನೇ ನಂಬಬೇಕು. ಸುತ್ತಮುತ್ತ ಬೇರೆ ಕೌನ್ಸೆಲರೇ ಸಿಗದ ಊರುಗಳಲ್ಲಂತೂ ನಿಷೇಧದ ಪೆಟ್ಟು ಬೀಳುವುದು ಹುಡುಗನ ಮೇಲೆ.

ವಿರೋಧ: ಸಲ್ಲಬಾರದು

ತಂದೆಯ ಪ್ರಾಮಾಣಿಕತೆಯನ್ನು ಇಲ್ಲಿ ಯಾರೂ ಶಂಕಿಸುತ್ತಿಲ್ಲ. ಪರ್ಸನಲ್ ಮ್ಯಾನೇಜ್‌ಮೆಂಟ್ ಬ್ಯಾಡ್ಜಿಗೆ 13 ವಾರಗಳ ಆದಾಯ-ಖರ್ಚಿನ ಲೆಕ್ಕ ಇಡಬೇಕು. ಏಳನೆಯ ವಾರದ ಸಾಲು ಖಾಲಿಯಿದ್ದರೆ ಪರಿಚಯವಿಲ್ಲದ ಕೌನ್ಸೆಲರ್ ಅಲ್ಲಿ ಬೆರಳಿಟ್ಟು ಕೇಳುತ್ತಾರೆ, ಹುಡುಗ ತಡವರಿಸುತ್ತಾ ಆದರೂ ತಾನೇ ಉತ್ತರ ಹೇಳಬೇಕಾಗುತ್ತದೆ. ಅದೇ ತಂದೆಗೆ, ಆ ವಾರ ಮನೆಮಂದಿಯೆಲ್ಲ ಪ್ರವಾಸದಲ್ಲಿದ್ದದ್ದು ಗೊತ್ತು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಅವರ ತಲೆಯಲ್ಲಿರುತ್ತದೆ. ‘ವಿವರಿಸು’ ಎಂದು ಅಚ್ಚಾಗಿರುವಲ್ಲಿ ‘ಅವನಿಗೆ ಗೊತ್ತಿದೆ’ ಎಂಬುದು ಸಾಲದು.

ಅದಕ್ಕಿಂತ ದೊಡ್ಡ ಮಾತೆಂದರೆ, ಅಪರಿಚಿತ ಹಿರಿಯರೊಬ್ಬರನ್ನು ತಾನಾಗಿ ಸಂಪರ್ಕಿಸಿ, ಸಮಯ ಕೇಳಿ, ಭೇಟಿಗೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದೇ ಈ ವ್ಯವಸ್ಥೆಯಲ್ಲಿ ಹುಡುಗ ಕಲಿಯುವ ಅರ್ಧ ಪಾಠ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಆ ಫೋನನ್ನೂ ಅಪ್ಪನೇ ಮಾಡಿಬಿಡುವುದುಂಟು, ಅದು ಬೇರೆ ಕಥೆ. ಊಟದ ಮೇಜಿನಲ್ಲೇ ಸಹಿ ಬಿದ್ದರೆ ಆ ಪಾಠ ಪೂರ್ತಿ ತಪ್ಪಿಹೋಗುತ್ತದೆ, ಮತ್ತು ಒಮ್ಮೆ ಸಹಿ ಬಿದ್ದ ಬ್ಯಾಡ್ಜಿಗೆ ಟ್ರೂಪಿನ (ಸ್ಥಳೀಯ ಸ್ಕೌಟ್ ತಂಡದ) ಮುಖ್ಯಸ್ಥರಾದ ಸ್ಕೌಟ್‌ಮಾಸ್ಟರ್ ಮರುಪರೀಕ್ಷೆ ಇಡುವಂತಿಲ್ಲ.

ಕೌನ್ಸೆಲರುಗಳ ಕೊರತೆಯ ಮಾತು ನಿಜ. ಆದರೆ ಕೌನ್ಸೆಲರ್ ಒಂದೇ ಟ್ರೂಪಿಗೆ ಸೇರಿದವರಾಗಿರಬೇಕಿಲ್ಲ. ತಂದೆ ಉಳಿದ ಮಕ್ಕಳ ಕಾರ್ಡುಗಳಿಗೆ ಧಾರಾಳವಾಗಿ ಸಹಿ ಹಾಕಲಿ. ತನ್ನ ಮಗನ ಕಾರ್ಡನ್ನು ಮಾತ್ರ ಪಕ್ಕದ ಟ್ರೂಪಿನವರ ಬಳಿಗೆ ಕಳಿಸಲಿ.