ಮಾಯದ ಗಾಯಗಳ ಹಬ್ಬ

ಈಸ್ಟರ್ ಹತ್ತಿರ ಬಂತೆಂದರೆ ಸಾಕು, 'ಅದ್ಭುತಗಳ ಮಹಾಸಭೆ, ರೋಗಿಗಳನ್ನು ಕರೆತನ್ನಿ' ಎನ್ನುವ ಪೋಸ್ಟರ್‌ಗಳು ಶುರು. ಪ್ರಸಂಗದಲ್ಲೂ ಅದೇ ಏಣಿ: ನೀರು ದ್ರಾಕ್ಷಾರಸವಾಯಿತು, ಕುರುಡನಿಗೆ ಕಣ್ಣು ಬಂತು, ಸತ್ತ ಲಾಜರ ಎದ್ದ, ಕೊನೆಗೆ ಯೇಸುವೇ ಎದ್ದರು, ಎಲ್ಲಕ್ಕಿಂತ ದೊಡ್ಡ ಪವಾಡ! ಪುನರುತ್ಥಾನವನ್ನು ಈ ಏಣಿಯ ತುದಿ ಮೆಟ್ಟಿಲಲ್ಲಿ ಕೂರಿಸುವುದರಲ್ಲೇ ನನ್ನ ತಕರಾರು ಇರುವುದು.

ಪವಾಡ ಅಳೆಯಲು ಕಥೋಲಿಕ ಧರ್ಮಸಭೆಯ ಹತ್ತಿರ ಒಂದು ಅಳತೆಗೋಲಿದೆ, ಅದೂ ಬಲು ಬಿಗಿಯಾದದ್ದು. ಮುಂದೆ 14ನೇ ಬೆನೆಡಿಕ್ಟ್ ಎಂಬ ಹೆಸರಲ್ಲಿ ಪೋಪ್ ಆದ ಪ್ರೊಸ್ಪೆರೊ ಲಂಬರ್ತಿನಿ 18ನೇ ಶತಮಾನದಲ್ಲಿ ಬರೆದಿಟ್ಟ ನಿಯಮಗಳೇ ಇವತ್ತಿಗೂ ಅದರ ಬುನಾದಿ. ಕಾಯಿಲೆ ಗಂಭೀರವಾಗಿರಬೇಕು. ಅದು ತಾನಾಗಿಯೇ ಇಳಿಯುವ ಹಂತಕ್ಕೆ ಬಂದಿರಬಾರದು. ಔಷಧಿ ಕೊಟ್ಟಿರಬಾರದು, ಕೊಟ್ಟಿದ್ದರೂ ಅದು ನಾಟಿರಬಾರದು. ವಾಸಿಯಾದದ್ದು ಥಟ್ಟನೆ ಆಗಿರಬೇಕು, ಪೂರ್ತಿ ಆಗಿರಬೇಕು, ಮತ್ತೆ ಮರುಕಳಿಸಬಾರದು.

ಫ್ರಾನ್ಸಿನ ಲೂರ್ದ್‌ನಲ್ಲಿ ಈ ಗೋಲು ದಿನನಿತ್ಯದ ಕೆಲಸದಲ್ಲಿದೆ. ಮರಿಯಮ್ಮನವರ ದರ್ಶನವಾಯಿತು ಎಂದು ಹುಡುಗಿಯೊಬ್ಬಳು ಹೇಳಿದ್ದು 1858ರಲ್ಲಿ. ಅಲ್ಲಿ ವಾಸಿಯಾಯಿತೆಂದು ಹೇಳುವವರನ್ನು ಪರೀಕ್ಷಿಸುವ ವೈದ್ಯಕೀಯ ಕಚೇರಿ ಶುರುವಾದದ್ದು 1883ರಲ್ಲಿ. 'ನನಗೆ ವಾಸಿಯಾಯಿತು' ಎಂದು ಬಂದು ಹೇಳಿದವರ ಪ್ರಕರಣಗಳು 7,000ಕ್ಕೂ ಹೆಚ್ಚು. ಪವಾಡವೆಂದು ಅಧಿಕೃತವಾಗಿ ಒಪ್ಪಿದ್ದು, 2025ರ ಏಪ್ರಿಲ್ ಹೊತ್ತಿಗೆ, ಬರೀ 72. ಉಳಿದವರೆಲ್ಲ ಸುಳ್ಳು ಹೇಳಿದರು ಅಂತಲ್ಲ. ಹಳೆಯ ಎಕ್ಸ್‌ರೇ ಇರುವುದಿಲ್ಲ, ಬಯಾಪ್ಸಿ ವರದಿ ಇರುವುದಿಲ್ಲ, ಅಥವಾ ಅತ್ತ ಚಿಕಿತ್ಸೆಯೂ ನಡೆಯುತ್ತಲೇ ಇರುತ್ತದೆ. ಕ್ಯಾನ್ಸರ್ ಆದರೆ ಮರುಕಳಿಸಲಿಲ್ಲ ಎಂದು ಖಾತ್ರಿಯಾಗಲು ವರ್ಷಗಟ್ಟಲೆ ಕಾಯಬೇಕು. ಇಷ್ಟಾದ ಮೇಲೂ ವೈದ್ಯರು ಹೇಳುವುದು 'ಈಗಿನ ವೈದ್ಯವಿಜ್ಞಾನದಿಂದ ಇದನ್ನು ವಿವರಿಸಲಾಗದು' ಎಂದಷ್ಟೇ. 'ಪವಾಡ' ಎಂಬ ಮಾತನ್ನು ಆಡುವವರು, ವಾಸಿಯಾದ ವ್ಯಕ್ತಿಯ ಸ್ವಂತ ಧರ್ಮಪ್ರಾಂತ್ಯದ ಬಿಷಪ್. ಇನ್ನೂ ಒಂದು ಮಾತು: ಈ 72ರಲ್ಲಿ ಒಂದನ್ನೂ ನಂಬದವರು ಕೂಡ ಒಳ್ಳೆಯ ಕಥೋಲಿಕರಾಗಿಯೇ ಇರಬಹುದು. ಅದು ಕಡ್ಡಾಯವಲ್ಲ.

ಗೋಲು ಬಗ್ಗುವುದೂ ಉಂಟು. ನಮ್ಮ ಕೆನರಾ ಸೀಮೆಯಲ್ಲಿ ಸೇವೆ ಮಾಡಿದ, ಮಂಗಳೂರು ಹತ್ತಿರದ ಮುಡಿಪು ಗುಡ್ಡದಲ್ಲಿ ಪುಣ್ಯಕ್ಷೇತ್ರವಿರುವ ಜೋಸೆಫ್ ವಾಜ್ ಅವರಿಗೆ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತ ಪದವಿ ಕೊಟ್ಟಾಗ ಪೋಪ್ ಫ್ರಾನ್ಸಿಸ್, ಸಾಮಾನ್ಯವಾಗಿ ಕೇಳುವ ಎರಡನೇ ಪವಾಡ ಬೇಕೆನ್ನಲಿಲ್ಲ.

ಈಗ ಲೂರ್ದ್‌ನ ಅದೇ ಕಚೇರಿಗೆ ಈಸ್ಟರಿನ ಕಡತ ಕಳಿಸಿ ನೋಡಿ. ಮೊದಲ ಮೇಜಿನಿಂದಲೇ ವಾಪಸ್ ಬರುತ್ತದೆ. ಎದ್ದ ಗಳಿಗೆಯನ್ನು ಕಂಡವರು ಯಾರೂ ಇಲ್ಲ. ನಾಲ್ಕು ಸುವಾರ್ತೆಗಳಲ್ಲಿ ಒಂದೂ ಅದನ್ನು ವರ್ಣಿಸುವುದಿಲ್ಲ. ಸಮಾಧಿಗೆ ಹೋದ ಹೆಂಗಸರನ್ನು ಹೆಸರಿಸುವಾಗ ಮತ್ತಾಯ ಇಬ್ಬರು ಎನ್ನುತ್ತಾನೆ, ಮಾರ್ಕ ಮೂವರು, ಯೋಹಾನನಲ್ಲಿ ಮಗ್ದಲದ ಮರಿಯ ಒಬ್ಬಳೇ. ಎದ್ದ ಯೇಸುವನ್ನು ಕಂಡವರೆಂದು ಪ್ರೇಷಿತ ಪೌಲ ತನ್ನ ಪತ್ರದಲ್ಲಿ (1 ಕೊರಿಂಥ 15) ಕೊಡುವ ಪಟ್ಟಿಯಲ್ಲಿ ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, 500ಕ್ಕೂ ಹೆಚ್ಚು ಸಹೋದರರು, ಯಾಕೋಬ ಎಲ್ಲರೂ ಇದ್ದಾರೆ, ಹೆಂಗಸರ ಹೆಸರೇ ಇಲ್ಲ. ಮಾರ್ಕನ ಸುವಾರ್ತೆ ಅತಿ ಹಳೆಯ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ 16:8ಕ್ಕೇ ನಿಂತುಬಿಡುತ್ತದೆ: ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ. ಬೋಧಕರು ಈ ನಾಲ್ಕನ್ನೂ ಕಲಸಿ ಒಂದೇ ಕಥೆ ಮಾಡಲು ಹೊರಟಾಗಲೇ ಎಡವಟ್ಟಾಗುವುದು. ಇವು ಸಾಕ್ಷಿಗಳ ಮಾತು, ಆಸ್ಪತ್ರೆಯ ಕೇಸ್ ಶೀಟ್ ಅಲ್ಲ. ವಿಚಿತ್ರ ನೋಡಿ: ಸಾಲುಸಾಲು ದಾಖಲೆಯಿರುವ ಲೂರ್ದನ್ನು ನಂಬಲೇಬೇಕೆಂದಿಲ್ಲ, ಒಂದು ದಾಖಲೆಯೂ ಇಲ್ಲದ ಪುನರುತ್ಥಾನ ಸುಳ್ಳಾದರೆ 'ನಿಮ್ಮ ನಂಬಿಕೆ ವ್ಯರ್ಥ' ಎಂದು ಪೌಲನೇ ಹೇಳಿಬಿಟ್ಟಿದ್ದಾನೆ.

ಲಾಜರನದೂ ಇದೂ ಒಂದೇ ಅಲ್ಲವಾ ಎನ್ನುವವರು ಬಟ್ಟೆ ನೋಡಬೇಕು. ಲಾಜರ ಹೊರಬಂದಾಗ ಕೈಕಾಲಿಗೆ ಬಟ್ಟೆ ಸುತ್ತಿತ್ತು, ಮುಖಕ್ಕೆ ವಸ್ತ್ರ ಕಟ್ಟಿತ್ತು. ಬೇರೆಯವರು ಬಿಚ್ಚಬೇಕಾಯಿತು (ಯೋಹಾನ 11:44). ಅವನು ಬಂದದ್ದು ಹಳೆಯ ಬದುಕಿಗೇ, ಮತ್ತೆ ಸಾಯಲಿಕ್ಕೇ. ಯೇಸುವಿನ ಸಮಾಧಿಯಲ್ಲಿ ನಾರುಬಟ್ಟೆ ಅಲ್ಲೇ ಬಿದ್ದಿತ್ತು, ತಲೆಯ ವಸ್ತ್ರ ಬೇರೆ ಕಡೆ ಸುತ್ತಿಟ್ಟಿತ್ತು (20:7). ಬಿಚ್ಚುವವರು ಯಾರೂ ಬೇಕಾಗಲಿಲ್ಲ. ಆಮೇಲೆ ಮರಿಯಳಿಗೆ ಅವರು ತೋಟದ ಮಾಲಿಯಂತೆ ಕಂಡರು. ಎಮ್ಮಾವು ದಾರಿಯಲ್ಲಿ ಜೊತೆಗೆ ನಡೆದವರಿಗೆ ರೊಟ್ಟಿ ಮುರಿಯುವ ತನಕ ಗುರುತೇ ಸಿಗಲಿಲ್ಲ. ಕಣ್ಣಾರೆ ಕಂಡವರಲ್ಲೂ 'ಕೆಲವರು ಸಂದೇಹಪಟ್ಟರು' ಎಂದು ಮತ್ತಾಯ (28:17) ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಯ. ಲಂಬರ್ತಿನಿ ನಿಯಮ 'ಪೂರ್ತಿ ವಾಸಿ' ಎನ್ನುತ್ತದೆ. ಎದ್ದ ಯೇಸು ಶಿಷ್ಯ ತೋಮನಿಗೆ ತೋರಿಸಿದ್ದು ಮೊಳೆ ಹೊಕ್ಕ ಕೈ, ಈಟಿ ತಿವಿದ ಪಕ್ಕೆ. ಸಾವನ್ನೇ ಗೆದ್ದ ದೇಹದಲ್ಲಿ ಗಾಯ ಹಾಗೇ ಉಳಿದಿದೆ. ಈಸ್ಟರನ್ನು ರೋಗ ವಾಸಿಯಾಗುವ ಗ್ಯಾರಂಟಿ ಎಂದು ಮಾರುವವರು ಈ ಪುಟ ಹಾರಿಸಿಯೇ ಮುಂದೆ ಹೋಗಬೇಕು. ತನ್ನ ಶರೀರಕ್ಕೆ ನಾಟಿದ ಶೂಲ ತೆಗೆಯಿರೆಂದು ಪೌಲ ಮೂರು ಸಲ ಬೇಡಿದ. ಸಿಕ್ಕ ಉತ್ತರ 'ನನ್ನ ಕೃಪೆಯೇ ನಿನಗೆ ಸಾಕು'. ವಾಸಿಯಾಗದೆ ಮನೆಗೆ ಮರಳುವ ರೋಗಿಗೆ 'ನಿನ್ನ ವಿಶ್ವಾಸ ಕಮ್ಮಿ' ಎನ್ನುವವರು ಮೊದಲು ಪೌಲನಿಗೆ ಹಾಗೆ ಹೇಳಿ ಬರಲಿ.

ಈಸ್ಟರಿನ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯ ಪೂಜಾವಿಧಿ ಈ ಗಾಯಗಳನ್ನು ಮರೆತಿಲ್ಲ. ಶನಿವಾರ ಕತ್ತಲಾದ ಮೇಲೆ ಗುಡಿಯ ಹೊರಗೆ ಬೆಂಕಿ ಹಾಕಿ, ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ, ಆಲ್ಫಾ, ಒಮೇಗಾ, ಆ ವರ್ಷದ ನಾಲ್ಕು ಅಂಕಿ ಕೊರೆದು, ಐದು ಗಾಯಗಳ ನೆನಪಿಗೆ ಧೂಪದ ಐದು ಹರಳು ಚುಚ್ಚುತ್ತಾರೆ. ಬತ್ತಿ ನಿಜವಾದ ಮೇಣದ್ದೇ ಆಗಿರಬೇಕು, ಪ್ರತಿ ವರ್ಷ ಹೊಸದೇ ಬೇಕು ಎಂದು 1988ರ ರೋಮಿನ ಸುತ್ತೋಲೆ ಹೇಳುತ್ತದೆ. ಹೋದ ವರ್ಷದ್ದಕ್ಕೆ ಹೊಸ ಅಂಕಿ ಅಂಟಿಸುವ ಚೌಕಾಸಿ ಬೇಡ. ಐವತ್ತು ದಿನ ಕಳೆದ ಮೇಲೆ ಅದು ದೀಕ್ಷಾಸ್ನಾನದ ತೊಟ್ಟಿಯ ಬಳಿಗೆ ಹೋಗುತ್ತದೆ. ವರ್ಷವಿಡೀ ಮಗುವಿನ ದೀಕ್ಷಾಸ್ನಾನಕ್ಕೆ ಅದನ್ನೇ ಹಚ್ಚುತ್ತಾರೆ. ಊರಲ್ಲಿ ಯಾರಾದರೂ ತೀರಿಕೊಂಡಾಗ ಶವಪೆಟ್ಟಿಗೆಯ ಪಕ್ಕ ಹಚ್ಚಿಡುವುದೂ ಆ ಐದು ಹರಳಿನ ಬತ್ತಿಯನ್ನೇ.