ಸತ್ಯಾಂಶ: ಹಾನರ್ ಸೊಸೈಟಿಗಳೆಲ್ಲ ದುಡ್ಡಿನ ಆಟವೇ?

“ಅಮೆರಿಕದ ಕಾಲೇಜುಗಳ ಹಾನರ್ ಸೊಸೈಟಿಗಳೆಲ್ಲ ಮೋಸ, ಶುಲ್ಕ ಕಟ್ಟಿದವರಿಗೆಲ್ಲ ಸದಸ್ಯತ್ವ” ಎಂಬ ಫಾರ್ವರ್ಡ್ ಸಂದೇಶ ಪೂರ್ತಿ ನಿಜವಲ್ಲ. ಹಾನರ್ ಸೊಸೈಟಿ ಎಂದರೆ ಓದಿನಲ್ಲಿ ಮುಂದಿರುವ ವಿದ್ಯಾರ್ಥಿಗಳನ್ನು ಸದಸ್ಯರಾಗಿ ಸೇರಿಸಿಕೊಂಡು ಗೌರವಿಸುವ ಸಂಘ.

1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾವನ್ನೇ ನೋಡಿ. ಅಲ್ಲಿಗೆ ಅರ್ಜಿ ಹಾಕುವಂತೆಯೇ ಇಲ್ಲ. ಕಾಲೇಜಿನ ಶಾಖೆಯ ಸದಸ್ಯರು ಅಂಕಗಳ ಜೊತೆಗೆ ಓದಿನ ಹರವನ್ನೂ ನೋಡಿ ಆಯ್ಕೆ ಮಾಡುತ್ತಾರೆ. ಪ್ರವೇಶ ಶುಲ್ಕ ಇರುವುದು ಹೌದು. ಆದರೆ ಆಯ್ಕೆ ಮೊದಲು, ದುಡ್ಡು ಆಮೇಲೆ. ಸದಸ್ಯತ್ವದ ಗುರುತು ಒಂದು ಪುಟ್ಟ ಕೀಲಿಕೈ. ಅದರ ಮೇಲೆ ಮೂರು ನಕ್ಷತ್ರ, ಚಾಚಿದ ಒಂದು ಬೆರಳು. ಎಷ್ಟು ಚೆಂದದ ಕಲ್ಪನೆ!

ಎಂಜಿನಿಯರಿಂಗ್‌ಗೆ 1885ರಲ್ಲಿ ಶುರುವಾದ ಟೌ ಬೀಟಾ ಪೈ ಇದೆ.

ಹಣಕ್ಕಾಗಿಯೇ ಇಮೇಲ್ ಕಳಿಸುವ ಸಂಘಗಳೂ ಉಂಟು. ಹಾಗಾಗಿ ಮಕ್ಕಳಿಗೆ ಬಂದ ಆಹ್ವಾನವನ್ನು ಹರಿದುಹಾಕುವ ಮುನ್ನ, ಅವರ ಕಾಲೇಜಿನಲ್ಲಿ ಆ ಸೊಸೈಟಿಯ ಶಾಖೆ ಇದೆಯೇ ಎಂದು ಅಧ್ಯಾಪಕರನ್ನು ಕೇಳಲು ಹೇಳಿ.